ಕೆಂಪು ದೀಪ ಹೊತ್ತಿತು, ಹೀರೋ ಇಳಿದ!

ಅಭಿಮಾನಿ ಮಿತ್ರರೇ, ಈ ವಾರ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಮ್ಮ ಸಿನಿಮಾಗಳಲ್ಲಿ ಅತಿ ಹೆಚ್ಚು ಹೀರೋಯಿನ್‌ಗಳನ್ನು ಎತ್ತಿಕೊಂಡು ಹೋದ ವಿಲನ್ ಯಾರು? ವಜ್ರಮುನಿ ಅಂತೀರಾ? ಸುಧೀರ್ ಅಂತೀರಾ? ಅಲ್ಲ ಸ್ವಾಮಿ, ಅಲ್ಲ! ಮಾರುತಿ ಓಮ್ನಿ!

ಬಾಗಿಲು ಸರ್ರನೆ ಪಕ್ಕಕ್ಕೆ ಜಾರುತ್ತದೆ, ಒಳಗಿನಿಂದ ನಾಲ್ಕು ಕೈ ಹೊರಗೆ ಬರುತ್ತವೆ, ಕಣ್ಣು ಮುಚ್ಚಿ ಬಿಡುವುದರೊಳಗೆ ಹೀರೋಯಿನ್ ಮಾಯ! 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 1988ರಲ್ಲಿ ಓಮ್ನಿ ಅಂತ ಹೆಸರು ಬದಲಿಸಿ, 2019ರಲ್ಲಿ ತಯಾರಿಕೆ ನಿಂತುಹೋದ ಈ ಬಡಪಾಯಿ ಗಾಡಿಗೆ ತೆರೆಯ ಮೇಲೆ ಒಂದೇ ಒಂದು ಒಳ್ಳೆಯ ಪಾರ್ಟು ಸಿಗಲಿಲ್ಲವಲ್ಲ ಅಂತ ನನಗೆ ಬೇಜಾರು ಉಂಟು.

ಯಾಕೆಂದರೆ ನಮ್ಮ ಸಂಪಾಜೆಯಲ್ಲಿ ಓಮ್ನಿ ವಿಲನ್ ಅಲ್ಲ. ಮನೆಯ ಹಿರಿಮಗ. ಅಡಿಕೆ ಮೂಟೆ ಹೊರುವುದು ಅದೇ, ರಬ್ಬರ್ ಶೀಟು ಹೊರುವುದು ಅದೇ, ಮದುವೆಗೆ ಎಂಟು ಜನರನ್ನು ತುಂಬಿಕೊಂಡು ಸುಳ್ಯಕ್ಕೆ ಹೋಗುವುದು ಅದೇ, ನಡುರಾತ್ರಿ ಪಕ್ಕದ ಮನೆಯವರಿಗೆ ಎದೆನೋವು ಬಂದರೆ ಆಂಬುಲೆನ್ಸೂ ಅದೇ. ನಮ್ಮ ಅಪ್ಪ ಸೆಕೆಂಡ್ ಹ್ಯಾಂಡ್ ಓಮ್ನಿ ತಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮುಂದೆ ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಬರೆಯುತ್ತೇನೆ ಅಂತ ಹೊರಟಾಗ ಅಪ್ಪ ಹೇಳಿದ್ದು ಒಂದೇ ಮಾತು: "ಈ ಗಾಡಿಯಷ್ಟಾದರೂ ಉಪಯೋಗಕ್ಕೆ ಬಾ ಮಾರಾಯ."

ಆ ಮಾತು ಚುಚ್ಚಿತು ನೋಡಿ. ಉಪಯೋಗಕ್ಕೆ ಬಂದೇ ತೋರಿಸುತ್ತೇನೆ ಅಂತ ತೀರ್ಮಾನ ಮಾಡಿದೆ. ಹೇಗೆ? ಗಾಡಿಯ ಇಂಜಿನ್ ಆಯಿಲ್ ನಾನೇ ಬದಲಿಸುವುದು! ಗ್ಯಾರೇಜಿಗೆ ಕೊಡುವ ಮುನ್ನೂರು ರೂಪಾಯಿ ಕೂಲಿ ಉಳಿಯಿತಲ್ಲ!

ನಮ್ಮ ಹೀರೋಗಳ ಪೈಕಿ ಗಾಡಿಗೂ ತೆರೆಗೂ ನಂಟು ಬೆಸೆದವರು ಅಂದರೆ ಶಂಕರಣ್ಣನೇ. ಒಂದೇ ವರ್ಷ, 1980. 'ಆಟೋ ರಾಜ'ದಲ್ಲಿ ಆಟೋ ಡ್ರೈವರ್. 'ಮಿಂಚಿನ ಓಟ'ದಲ್ಲಿ ಕಾರು ಕದಿಯುವವ, ನಿರ್ದೇಶನವೂ ಅವರದೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರನ್ನು ನಮ್ಮಿಂದ ಕಿತ್ತುಕೊಂಡದ್ದೂ ಒಂದು ಕಾರಿನ ಅಪಘಾತವೇ. ನಾನಾಗ ಹುಟ್ಟಿರಲೂ ಇಲ್ಲ. ಆದರೂ ಆಟೋಗಳ ಮೇಲೆ ಅವರ ಫೋಟೋ ನೋಡಿಕೊಂಡೇ ಬೆಳೆದವನು ನಾನು. ಆ ಧೈರ್ಯದಲ್ಲೇ ಸ್ಪ್ಯಾನರ್ ಹಿಡಿದೆ ಅನ್ನಿ.

ಸಿನಿಮಾದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಹೀರೋ ಗಾಡಿ ಕೆಳಗಿನಿಂದ ಜಾರಿ ಹೊರಗೆ ಬರುತ್ತಾನೆ. ಕೆನ್ನೆ ಮೇಲೆ ಒಂದೇ ಒಂದು ಗ್ರೀಸ್ ಗೆರೆ, ಅದೂ ಮೇಕಪ್ ಮ್ಯಾನ್ ಎಳೆದದ್ದು. ಕಟ್! ಮುಂದಿನ ಶಾಟ್‌ನಲ್ಲಿ ಗಾಡಿ ಹೈವೇ ಮೇಲೆ, ಹಿಂದೆ ಹಾಡು. ನಡುವೆ ಏನಾಯಿತು? ಯಾವ ಡೈರೆಕ್ಟರೂ ತೋರಿಸುವುದಿಲ್ಲ. ಇವತ್ತು ನಾನು ತೋರಿಸುತ್ತೇನೆ, ಗಮನ ಇಟ್ಟು ಓದಿ.

ಮೊದಲ ಮಾತು, ಪ್ರಾಣದ ಮಾತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ತಲೆ ಹಾಕಬೇಡಿ. ಜಾಕ್ ಇರುವುದು ಟಯರ್ ಬದಲಿಸಲಿಕ್ಕೆ. ಅದು ಜಾರಿದರೆ ಡ್ಯೂಪ್ ಬರುವುದಿಲ್ಲ, ರೀಟೇಕ್ ಸಿಗುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಅಪ್ಪ ಹಿಂದೆಯೇ ಸೊಂಟದಾಳದ ಒಂದು ಹೊಂಡ ತೋಡಿಸಿ, ಎರಡೂ ಬದಿಗೆ ಕಲ್ಲು ಕಟ್ಟಿಸಿದ್ದರು. ಗಾಡಿ ಅದರ ಮೇಲೆ, ನಾವು ಹೊಂಡದೊಳಗೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ಮೇಲೇ ಇಳಿಯುವುದು.

ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮೂರು ಸಿಲಿಂಡರ್, 796 ಸಿ.ಸಿ. ಐದು ನಿಮಿಷ ಸ್ಟಾರ್ಟ್‌ನಲ್ಲಿಟ್ಟು ಬಂದ್ ಮಾಡಬೇಕು. ಆಯಿಲ್ ಬೆಚ್ಚಗಾದರೆ ತೆಳ್ಳಗಾಗಿ, ತಳದ ಕೊಳೆಯನ್ನೆಲ್ಲ ಎಳೆದುಕೊಂಡು ಇಳಿಯುತ್ತದೆ. ಘಾಟಿ ಇಳಿದು ಬಂದ ಕೂಡಲೇ ಬಿಚ್ಚಿದರೆ ಮಾತ್ರ ಕೈ ಸುಟ್ಟೀತು, ಜೋಕೆ. ಕೆಳಗೆ ಬೇಸಿನ್ ಇಟ್ಟು ಡ್ರೈನ್ ಪ್ಲಗ್ ತೆಗೆದರೆ ಕಪ್ಪು ಆಯಿಲ್ ಧಾರೆಯಾಗಿ ಬೀಳುತ್ತದೆ. ಕಪ್ಪಾಗಿದೆ ಅಂತ ಹೆದರಬೇಡಿ. ಇಂಜಿನ್ನಿನ ಮಸಿ ತೊಳೆಯುವ ಆಯಿಲ್ ಕಪ್ಪಾಗದೆ ಇನ್ನೇನಾಗುತ್ತದೆ? ಪೂರ್ತಿ ಬಸಿದ ಮೇಲೆ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿಯುವುದು. ಅಲ್ಲಿ ಭೀಮಬಲ ತೋರಿಸಿದರೆ ಮರೆಯೇ ಹೋಗುತ್ತದೆ, ಆಮೇಲೆ ಅಡಿಯ ಆಯಿಲ್ ಪ್ಯಾನೇ ಹೊಸದು ಬೇಕಾದೀತು.

ಆಮೇಲೆ ಫಿಲ್ಟರ್. ಹಳೆಯದನ್ನು ತಿರುಗಿಸಿ ತೆಗೆದು, ಹೊಸದರ ರಬ್ಬರ್ ಬಳೆಗೆ ಬೆರಳಿನಲ್ಲಿ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಬೇಕು. ಕೊನೆಗೆ ಮೇಲಿನಿಂದ ಹೊಸ ಆಯಿಲ್. ಓಮ್ನಿಗೆ ಹೆಚ್ಚುಕಮ್ಮಿ 3 ಲೀಟರ್. ಒಮ್ಮೆಲೇ ಸುರಿಯದೆ, ಸ್ವಲ್ಪ ಸ್ವಲ್ಪ ಹಾಕಿ ಡಿಪ್‌ಸ್ಟಿಕ್ ಎಳೆದು ನೋಡುತ್ತಾ ಇರಬೇಕು. ಎರಡು ಗುರುತುಗಳ ನಡುವೆ ಇರಬೇಕು, ಮೇಲಿನ ಗುರುತು ದಾಟಬಾರದು. ಹೆಚ್ಚಾದರೆ ಒಳ್ಳೆಯದಲ್ಲವಾ ಅಂತ ಕೇಳುವವರಿದ್ದಾರೆ. ಅಲ್ಲ. ಕ್ರ್ಯಾಂಕ್ ಅದಕ್ಕೆ ಬಡಿದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಇಂಜಿನ್ನಿಗೆ ಜಿಡ್ಡು ಸಿಗುವುದಿಲ್ಲ.

ಡಬ್ಬದ ಮೇಲೆ 20ಡಬ್ಲ್ಯೂ-40 ಅಂತ ಬರೆದಿರುತ್ತದಲ್ಲ, ಅದೇನು ಅಂತ ಒಬ್ಬ ಓದುಗ ಮಿತ್ರರು ಕೇಳಿದ್ದರು. ಡಬ್ಲ್ಯೂ ಅಂದರೆ ವಿಂಟರ್. ಮೊದಲ ನಂಬರು ತಣ್ಣಗಿರುವಾಗಿನ ದಪ್ಪ, ಎರಡನೆಯದು ಇಂಜಿನ್ ಕಾದಾಗಿನ ದಪ್ಪ. ಹಳೆಯ ಗಾಡಿಗೆ ಸರಿ ಹೋಗುವ ದಪ್ಪ ಆಯಿಲ್ಲನ್ನು ಈಗಿನ ಹೊಸ ಗಾಡಿಗೆ ಸುರಿಯಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ತೆಳು ಆಯಿಲ್ಲೇ ಬೇಕು. ಗಾಡಿಯ ಜೊತೆ ಕೊಟ್ಟ ಪುಸ್ತಕ ಏನು ಹೇಳುತ್ತದೋ ಅದೇ ವೇದವಾಕ್ಯ. ವಾರಂಟಿ ಇರುವ ಗಾಡಿಯಾದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡಿ.

ಇಷ್ಟೆಲ್ಲ ನಾನು ಮಾಡಿದೆ. ಭಾನುವಾರ ಸಂಜೆ, ಜೂನ್ ತಿಂಗಳು. ಕೈ ತೊಳೆದು ಎದೆ ಉಬ್ಬಿಸಿ ನಿಂತೆ. "ಆಯ್ತಾ?" ಅಂತ ಅಪ್ಪ ಜಗಲಿಯಿಂದ ಕೇಳಿದರು. "ಆಯ್ತು!" ಅಂದೆ. ಅಷ್ಟರಲ್ಲಿ ಧೋ ಅಂತ ಮಳೆ. ಗಾಡಿ ಅಲ್ಲೇ ಬಿಟ್ಟು ಒಳಗೆ ಓಡಿದೆ. ಟಿ.ವಿ.ಯಲ್ಲಿ ಫೈಟಿಂಗ್ ಸೀನ್ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅಜ್ಜಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಮಡಿಕೇರಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಜ್ಜಿ, ಅಮ್ಮ. ಪಕ್ಕದಲ್ಲಿ ಅಪ್ಪ. ಸ್ಟಿಯರಿಂಗ್ ಹಿಡಿದವನು ಈ ಬಡಾಯಿ ಹೀರೋ. ಸಂಪಾಜೆ ಬಿಟ್ಟರೆ ಮಡಿಕೇರಿ ತನಕ ಏರುವುದೇ ಏರುವುದು ಅಂತ ಆ ದಾರಿಯಲ್ಲಿ ಹೋದವರಿಗೆಲ್ಲ ಗೊತ್ತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳೇ ಜರಿದು ಬಂದು ಈ ರಸ್ತೆ ಮುಚ್ಚಿಹೋಗಿತ್ತು. ಅಂದಿನಿಂದ ಜೋರು ಮಳೆಯಲ್ಲಿ ಆ ಘಾಟಿ ಹತ್ತುವಾಗ ಯಾರೂ ಹೆಚ್ಚು ಮಾತಾಡುವುದಿಲ್ಲ.

ಕೊಯನಾಡು ದಾಟಿತು. ಸೆಕೆಂಡ್ ಗೇರಿನಲ್ಲಿ ಇಂಜಿನ್ ಕೂಗುತ್ತಾ ಇತ್ತು. ಒಂದು ತಿರುವಿನಲ್ಲಿ ಮುಂದಿನ ಬೋರ್ಡಿನಲ್ಲಿ ಕೆಂಪಗೆ ಏನೋ ಮಿನುಗಿತು. ಎಣ್ಣೆ ಪಾತ್ರೆಯ ಚಿತ್ರ. ನೇರ ರಸ್ತೆಯಲ್ಲಿ ಆರಿತು. ಇನ್ನೊಂದು ತಿರುವು, ಮತ್ತೆ ಮಿನುಗಿತು.

"ಎಂಥದ್ದು ಅದು?" ಅಪ್ಪ ಕೇಳಿದರು.

"ಏನಿಲ್ಲ ಅಪ್ಪ, ವೈರ್ ಲೂಸ್ ಆಗಿರಬೇಕು. ನಿನ್ನೆಯಷ್ಟೇ ಹೊಸ ಆಯಿಲ್ ಹಾಕಿದ್ದಲ್ವಾ?"

"ನಿಲ್ಲಿಸು."

"ಇಲ್ಲಿ ಜಾಗ ಇಲ್ಲ, ಮೇಲೆ..."

"ನಿಲ್ಲಿಸು ಅಂದೆ!"

ಅಪ್ಪ ಆ ದನಿಯಲ್ಲಿ ಮಾತಾಡಿದ್ದು ನಾನು ಕೇಳಿರಲೇ ಇಲ್ಲ. ಗಾಡಿಯನ್ನು ಬದಿಗೆ ತಂದು ಇಂಜಿನ್ ಬಂದ್ ಮಾಡಿದೆ. ಇಳಿದು ನೋಡಿದರೆ... ನಾವು ಬಂದ ದಾರಿಯುದ್ದಕ್ಕೂ ಮಳೆನೀರಿನ ಮೇಲೆ ಕಾಮನಬಿಲ್ಲು! ಹೊಸ ಆಯಿಲ್ ಎಲ್ಲ ರಸ್ತೆ ಮೇಲೆ. ಬಗ್ಗಿ ನೋಡಿದರೆ ಫಿಲ್ಟರಿನ ಸುತ್ತ ತೊಟ್ಟಿಕ್ಕುತ್ತಾ ಇದೆ. ಹಿಂದೆ ಬೈಕಿನಲ್ಲಿ ಯಾರಾದರೂ ಬಂದು ಜಾರಿದರೆ? ಅಪ್ಪ ಒಂದು ಮಾತೂ ಆಡದೆ ಕೊಡೆ ಹಿಡಿದು ಕೆಳಗಿನ ತಿರುವಿಗೆ ನಡೆದು, ಬರುವ ಗಾಡಿಗಳಿಗೆ ಕೈ ತೋರಿಸುತ್ತಾ ನಿಂತರು. ನಾನು ಸೊಪ್ಪು ಕಡಿದು ರಸ್ತೆಗೆ ಇಟ್ಟು, ಬದಿಯ ಮಣ್ಣು ತಂದು ಆಯಿಲ್ ಮೇಲೆ ಹರಡಿದೆ. ಮಡಿಕೇರಿ ಕಡೆಯ ಸರ್ಕಾರಿ ಬಸ್ಸು ಬಂತು. ಅಜ್ಜಿಯನ್ನೂ ಅಮ್ಮನನ್ನೂ ಹತ್ತಿಸಿದೆವು. ಬಸ್ಸು ಹತ್ತುವಾಗ ಅಜ್ಜಿ ನನ್ನ ಕಡೆ ತಿರುಗಿ, "ಬಯ್ಯಬೇಡ ಮಗನೆ ಅವನಿಗೆ" ಅಂತ ಅಪ್ಪನಿಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಊರಿನ ಮೆಕ್ಯಾನಿಕ್ ಅಣ್ಣ ಜೀಪಿನಲ್ಲಿ ಬಂದರು. ಹತ್ತೇ ನಿಮಿಷ. ಫಿಲ್ಟರ್ ತಿರುಗಿಸಿ ತೆಗೆದು, ಇಂಜಿನ್ನಿನ ಮೈಗೆ ಅಂಟಿಕೊಂಡಿದ್ದ ಒಂದು ಕರಿ ರಬ್ಬರ್ ಬಳೆಯನ್ನು ಉಗುರಿನಲ್ಲಿ ಎಬ್ಬಿಸಿ ನನ್ನ ಅಂಗೈಗೆ ಇಟ್ಟರು. "ಹಳೇ ಫಿಲ್ಟರಿನದ್ದು ಮಾರಾಯ. ಇದರ ಮೇಲೆಯೇ ಹೊಸದು ಕೂರಿಸಿದ್ದೀ. ಎರಡು ಬಳೆ ಒಂದರ ಮೇಲೊಂದು ಕೂತರೆ ಒತ್ತಡ ಬಿದ್ದಾಗ ನಿಲ್ಲುವುದಿಲ್ಲ." ತಳದಲ್ಲಿ ಆಯಿಲ್ ಕಡಿಮೆಯಾದಾಗ ತಿರುವಿನಲ್ಲಿ ಅದು ಒಂದು ಬದಿಗೆ ಸರಿಯುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ದೀಪ ಹೊತ್ತುತ್ತದೆ. ಇನ್ನೂ ಸ್ವಲ್ಪ ದೂರ ಹತ್ತಿದ್ದರೆ ಇಂಜಿನ್ ಕಚ್ಚಿ ಹಿಡಿಯುತ್ತಿತ್ತು. ಘಾಟಿಯ ನಡುವೆ, ಮಳೆಯಲ್ಲಿ, ಅಜ್ಜಿಯನ್ನು ಕೂರಿಸಿಕೊಂಡು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದರು: "ಬಳೆ ಉಳಿದದ್ದು ತಪ್ಪಲ್ಲ, ಕಲಿಯುವವರಿಗೆ ಆಗುತ್ತದೆ. ಸ್ಟಾರ್ಟ್ ಮಾಡಿ, ಐದು ನಿಮಿಷ ಕೆಳಗೆ ಬಗ್ಗಿ ನೋಡದೆ 'ಆಯ್ತು' ಅಂದೆಯಲ್ಲ, ಅದು ತಪ್ಪು. ಕೆಂಪು ದೀಪ ಕಂಡ ಮೇಲೆ ವಾದ ಮಾಡಿದೆಯಲ್ಲ, ಅದು ದೊಡ್ಡ ತಪ್ಪು."

ಮಿತ್ರರೇ, ನಾನು ಇಷ್ಟುದ್ದ ಬರೆದದ್ದು ಈ ಎರಡು ವಾಕ್ಯಗಳಿಗೋಸ್ಕರ. ಆಯಿಲ್ ಬದಲಿಸುವುದು ಯಾರಿಗೂ ಬರುವ ಕೆಲಸ. ಆದರೆ ಸಿನಿಮಾದಲ್ಲಿ 'ಕಟ್' ಆಗುವ ಜಾಗದಲ್ಲೇ ನಿಜವಾದ ಕೆಲಸ ಇರುವುದು. ಹಳೆಯ ಫಿಲ್ಟರಿನ ಬಳೆ ಅದರ ಜೊತೆಗೇ ಬಂತಾ ನೋಡಿ. ಸ್ಟಾರ್ಟ್ ಮಾಡಿ, ಕೆಂಪು ದೀಪ ಆರಿತಾ ನೋಡಿ. ಟಾರ್ಚ್ ಹಿಡಿದು ಪ್ಲಗ್ಗೂ ಫಿಲ್ಟರೂ ಒಣಗಿವೆಯಾ ನೋಡಿ. ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಇನ್ನೊಮ್ಮೆ ನೋಡಿ. ಸಣ್ಣ ಒಂದು ಸುತ್ತು ಹೋಗಿಬಂದು ಮತ್ತೆ ಬಗ್ಗಿ ನೋಡಿ. ಅದಾದ ಮೇಲೆ 'ಆಯ್ತು' ಅನ್ನಿ. ಮಾಂದಲಪಟ್ಟಿಗೆ ಜೀಪು ಹತ್ತಿಸುವ ನಮ್ಮ ಕೊಡಗಿನ ಡ್ರೈವರ್‌ಗಳನ್ನು ಗಮನಿಸಿ. 2008ರ 'ಗಾಳಿಪಟ' ಬಂದ ಮೇಲೆ ಮುಗಿಲುಪೇಟೆ ಅಂತ ಜನ ಮುಗಿಬೀಳುವ ಬೆಟ್ಟವೇ ಅದು. ಒಳ್ಳೆಯ ಡ್ರೈವರ್ ಜನ ಹತ್ತಿಸುವ ಮೊದಲು ಒಮ್ಮೆ ಗಾಡಿಯ ಕೆಳಗೆ ನೋಡಿಯೇ ನೋಡುತ್ತಾನೆ.

ಇನ್ನೊಂದು ಮಾತು. ಬಸಿದ ಹಳೆಯ ಆಯಿಲ್ಲನ್ನು ತೋಡಿಗೆ ಸುರಿಯಬೇಡಿ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ನಮ್ಮ ಪಯಸ್ವಿನಿ ಸುಳ್ಯ ದಾಟಿ, ಕಾಸರಗೋಡಿನ ಕಡೆಗೆ ಹರಿದು ಕಡಲು ಸೇರುವ ಹೊಳೆ. ನಾವಿಲ್ಲಿ ಸುರಿದದ್ದು ಕೆಳಗಿನ ಊರಿನವರ ನೀರಿಗೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಆ ರಬ್ಬರ್ ಬಳೆ ಈಗಲೂ ನನ್ನ ಬರೆಯುವ ಮೇಜಿನ ಮೇಲಿದೆ. ಲೇಖನ ಮುಗಿಸಿ 'ಆಯ್ತು' ಅನ್ನುವ ಮೊದಲು ಅದನ್ನು ಒಮ್ಮೆ ನೋಡುತ್ತೇನೆ.

ಅದಾಗಿ ಕೆಲವು ತಿಂಗಳಿಗೆ ಮತ್ತೆ ಆಯಿಲ್ ಬದಲಿಸುವ ಸಮಯ ಬಂತು. ಗಾಡಿಯನ್ನು ಗ್ಯಾರೇಜಿಗೆ ಕೊಡುತ್ತಾರೆ ಅಂದುಕೊಂಡು ನಾನು ಸುಮ್ಮನೆ ಇದ್ದೆ. ಬೆಳಿಗ್ಗೆ ನೋಡಿದರೆ ಓಮ್ನಿ ಹೊಂಡದ ಮೇಲೆ ನಿಂತಿದೆ. ಅಪ್ಪ ಸ್ಪ್ಯಾನರ್ ನನ್ನ ಕೈಗೆ ಕೊಟ್ಟು, ತಾವು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತರು.

"ಇಳಿ. ಬಳೆ ಬಂತಾ ಅಂತ ನಾನೂ ನೋಡುತ್ತೇನೆ."

ಮುಂದಿನ ವಾರ ಸಿಗೋಣ. ಅಲ್ಲಿಯವರೆಗೆ ಡಿಪ್‌ಸ್ಟಿಕ್ ಒಮ್ಮೆ ಎಳೆದು ನೋಡಿ ಸ್ವಾಮಿ!