ಬಿಳಿ ಪುಡಿಯೆಲ್ಲ ಸುಣ್ಣ ಅಲ್ಲ

ಹೋದ ಸಲ ಈ ಗೋಡೆ ಪತ್ರಿಕೆಗೆ ನಾನು ಒಗಟು ಬರೆದಿದ್ದೆ. ಈ ಸಲ ಒಂದು ಜಗಳದ ವಿಷಯ ಬರೆಯುತ್ತೇನೆ. ಜಗಳ ನನಗೂ ನಮ್ಮ ತಾತನಿಗೂ.

ನಮ್ಮ ಕೆಳಗಿನ ಹೊಲ ಸೌಳು ಹಿಡಿದಿದೆ. ಮಳೆ ಬಂದರೆ ನೀರು ಇಂಗದೆ ನಿಲ್ಲುತ್ತದೆ, ಒಣಗಿದರೆ ಗುದ್ದಲಿಗೂ ಏಳಲ್ಲ. ಯಾರೋ ‘ಬಿಳಿ ಪುಡಿ ಹಾಕಿ, ಸರಿಹೋಯ್ತದೆ’ ಅಂದರು. ತಾತ ಪೇಟೆಗೆ ಹೋಗಿ ಬಿಳಿ ಪುಡಿ ಕೇಳಿದರು. ಅಂಗಡಿಯವರು ಸುಣ್ಣದ ಪುಡಿ ಕೊಟ್ಟರು. ಒಂದು ಗಾಡಿ ತಂದು ಎರಚಿದೆವು. ಜೋಳ ಮೊಣಕಾಲುದ್ದ ಬೆಳೆದು ಹಳದಿಯಾಗಿ ನಿಂತುಹೋಯಿತು. ಆಮೇಲೆ ಅಪ್ಪ ಮಣ್ಣು ಪರೀಕ್ಷೆ ಮಾಡಿಸಿದರು. ಅದು ಕ್ಷಾರ ಮಣ್ಣು, ಹಾಕಬೇಕಾಗಿದ್ದದ್ದು ಜಿಪ್ಸಂ ಅಂತ ಬಂತು. ನಾನು ಇದನ್ನು ಹೇಳಿದರೆ ತಾತ ‘ಎರಡೂ ಒಂದೇ ಕನ ಕೂಸು, ಅದೂ ಬೆಳ್ಳಗಿಲ್ವಾ?’ ಅಂತಾರೆ.

ಒಂದೇ ಅಲ್ಲ! ಸುಣ್ಣ ತಾನೇ ಪ್ರತ್ಯಾಮ್ಲ. ಮಲೆನಾಡು, ಕೊಡಗಿನ ಹುಳಿ ಮಣ್ಣಿಗೆ ಅದು ಒಳ್ಳೆಯದು. ಮೊದಲೇ ಕ್ಷಾರವಾದ ಮಣ್ಣಿಗೆ ಸುಣ್ಣ ಹಾಕಿದರೆ ಉಪ್ಪಾದ ಸಾರಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದಂತೆ. ಜಿಪ್ಸಂ ಎಂದರೆ ನೀರನ್ನೂ ಸೇರಿಸಿಕೊಂಡಿರುವ ಕ್ಯಾಲ್ಸಿಯಂ ಸಲ್ಫೇಟ್. ಜೇಡಿ ಮಣ್ಣಿನ ಕಣಕ್ಕೆ ಅಂಟಿಕೊಂಡ ಸೋಡಿಯಂ ಅನ್ನು ಇದರ ಕ್ಯಾಲ್ಸಿಯಂ ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟ್ ಜೊತೆ ಸೇರಿ ನೀರಲ್ಲಿ ಕರಗಿ ಹೋಗುತ್ತದೆ. ಹೋಗಬೇಕಾದರೆ ಒಳ್ಳೆ ನೀರು ಕಟ್ಟಬೇಕು, ಅದು ಹೊರಗೆ ಬಸಿಯಲು ಕಾಲುವೆಯೂ ಬೇಕು. ಬರೀ ಪುಡಿ ಎರಚಿ ಮನೆಗೆ ಬಂದರೆ ಜಿಪ್ಸಂ ಕೂಡ ದಂಡವೇ.

ತಪ್ಪು ತಾತನದು ಮಾತ್ರ ಅಂತ ನಾನು ಹೇಳಲ್ಲ. ನಾವು ಶಾಲೆಯಲ್ಲೇ ಅದೇ ತಪ್ಪು ಮಾಡುತ್ತೇವೆ. ಕರಿಹಲಗೆ ಮೇಲೆ ಬರೆಯುವುದನ್ನು ಏನಂತೀವಿ? ಸೀಮೆಸುಣ್ಣ. ಆದರೆ ನಮ್ಮ ಡಬ್ಬಿಯಲ್ಲಿರುವುದು ಸುಣ್ಣವಲ್ಲ, ಜಿಪ್ಸಂ! ಜಿಪ್ಸಂ ಕಲ್ಲನ್ನು ಪುಡಿ ಮಾಡಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅದರ ನೀರಿನಲ್ಲಿ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ಅದಕ್ಕೆ ನೀರು ಕಲಸಿ ಅಚ್ಚಿಗೆ ಹುಯ್ದರೆ ಗಟ್ಟಿಯಾಗಿ ಬಳಪ ಆಗುತ್ತದೆ. ಕೈ ಮುರಿದಾಗ ಕಟ್ಟುವ ಬಿಳಿ ಪಟ್ಟಿಯೂ ಅದೇ. ಕೆರೆಯಲ್ಲಿ ಬೇಗ ಕರಗದ ಗಣೇಶನೂ ಅದೇ. (ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ, ಅದೂ ಜಗಳದ ವಿಷಯವೇ.)

ನಮ್ಮ ದೇಶದ ಜಿಪ್ಸಂ ಗಣಿಗಳಲ್ಲಿ ಹೆಚ್ಚಿನವು ರಾಜಸ್ಥಾನದ ನಾಗೌರ್, ಬಿಕಾನೇರ್ ಕಡೆ ಇವೆ. ಹಿಂದಿನ ಕಾಲದ ಉಪ್ಪುನೀರು ಆರಿ ಉಳಿದ ಪದರ ಅದು. ರಂಜಕದ ಗೊಬ್ಬರ ಮಾಡುವ ಕಾರ್ಖಾನೆಗಳಲ್ಲೂ ಜಿಪ್ಸಂ ಉಳಿಯುತ್ತದೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಿಗೂ ಜಿಪ್ಸಂ ಬೇಕೇ ಬೇಕು. ನೂರು ಪಾಲಿಗೆ ಮೂರರಿಂದ ಐದು ಪಾಲು ಬೆರೆಸದಿದ್ದರೆ, ಗಾರೆಯವರು ಬಾಂಡ್ಲಿ ಎತ್ತುವ ಮೊದಲೇ ಸಿಮೆಂಟು ಕಲ್ಲಾಗಿಬಿಡುತ್ತದೆ.

ಸಲ್ಫೇಟ್ ಮನೆತನದವರು ಇನ್ನೂ ಇದ್ದಾರೆ. ಕ್ಷೌರದಂಗಡಿಯ ಪಟಿಕ, ಸುಣ್ಣದ ಜೊತೆ ಸೇರಿಸಿ ಬೆಳೆಗೆ ಸಿಂಪಡಿಸುವ ಮೈಲುತುತ್ತ, ಆಂಧ್ರದ ಮಂಗಂಪೇಟೆಯಲ್ಲಿ ತೆಗೆಯುವ ಬ್ಯಾರೈಟ್. ಈ ಬ್ಯಾರೈಟ್ ನೀರಿನ ನಾಲ್ಕೂವರೆಯಷ್ಟು ಭಾರ. ಎಣ್ಣೆ ಬಾವಿ ಕೊರೆಯುವಾಗ ಕೆಳಗಿನ ಒತ್ತಡ ತಡೆಯಲು ಕೆಸರಿಗೆ ಬೆರೆಸುತ್ತಾರೆ. ನಮ್ಮ ಹೊಲಕ್ಕೆ ಇದರಿಂದ ಏನೂ ಇಲ್ಲ.

ಈಗ ನನ್ನ ಅಭಿಪ್ರಾಯ. ಚೀಲದ ಮೇಲೆ ಬರೆದದ್ದನ್ನು ಓದಲು ಬಾರದವರು ಊರಲ್ಲಿ ಇದ್ದಾರೆ. ಆದರೆ ಅರಿಸಿನ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಪುಡಿಯನ್ನು ಚಿಟಿಕೆ ತೆಗೆದು ಒದ್ದೆ ಅರಿಸಿನಕ್ಕೆ ಕಲಸಿ. ಆರತಿ ನೀರಿನಂತೆ ಕೆಂಪಾದರೆ ಸುಣ್ಣ. ಹಳದಿಯಾಗಿಯೇ ಉಳಿದರೆ ನಿಂಬೆರಸ ಬಿಡಿ. ಚೊರ್ ಅಂತ ನೊರೆ ಬಂದರೆ ಅದು ಸುಣ್ಣಕಲ್ಲಿನ ಪುಡಿ. ಎರಡೂ ಆಗದಿದ್ದರೆ ಜಿಪ್ಸಂ ಇರಬಹುದು. ನಾನು ಬಳಪದ ಚೂರು, ಮೊಟ್ಟೆ ಸಿಪ್ಪೆ ಎರಡಕ್ಕೂ ನಿಂಬೆರಸ ಬಿಟ್ಟು ನೋಡಿದೆ. ಸಿಪ್ಪೆ ಗುಳ್ಳೆ ಬಿಟ್ಟಿತು, ಬಳಪ ಸುಮ್ಮನೆ ಕೂತಿತ್ತು. ಅರಿಸಿನದ ಪಾಠ ನಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಪರೀಕ್ಷೆಗೆ ಬರೆದೆವು, ಮನೆಗೆ ತೆಗೆದುಕೊಂಡು ಹೋಗಲಿಲ್ಲ. ನಾನೂ ಹೋಗಲಿಲ್ಲ. ಹೋಗಿದ್ದರೆ ಆ ಗಾಡಿಯನ್ನು ಹೊಲದ ಬದುವಿನಲ್ಲೇ ನಿಲ್ಲಿಸಬಹುದಿತ್ತು.

ಹಾಗಂತ ಎಲ್ಲರೂ ಜಿಪ್ಸಂ ಹಾಕಿ ಅಂತ ನಾನು ಹೇಳುತ್ತಿಲ್ಲ. ಕಡ್ಲೆಕಾಯಿಗೆ ಮಾತ್ರ ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕಿಲೋ ಹಾಕಿ ಮಣ್ಣು ಏರಿಸಿ ಅಂತಾರೆ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿಂದ ಅಲ್ಲ, ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಸೌಳಿಗಾದರೆ ಮೊದಲು ಮಣ್ಣು ಪರೀಕ್ಷೆ ಆಗಲಿ. ಬರೀ ಉಪ್ಪಿನ ಸೌಳಾದರೆ ಒಳ್ಳೆ ನೀರಿನಲ್ಲಿ ತೊಳೆದರೂ ಸಾಕು, ಪುಡಿಯೇ ಬೇಡ. ಹೊಲದ ಹತ್ತು ಕಡೆ ಆರಂಗುಲ ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಕಟ್ಟಿದರೆ ಆಯಿತು.

ಅಪ್ಪ ಈ ವರ್ಷ ಒಂದು ಮೂಲೆಗೆ ಜಿಪ್ಸಂ ಹಾಕಿ ನೋಡೋಣ ಅಂದಿದ್ದಾರೆ. ತಾತ ಇನ್ನೂ ಒಪ್ಪಿಲ್ಲ. ಮೊನ್ನೆ ಅವರ ಎಲೆಅಡಿಕೆ ಸುಣ್ಣದ ಡಬ್ಬಿ ಪಕ್ಕದಲ್ಲಿ ಬಳಪದ ಪುಡಿ ಇಟ್ಟು ಎರಡಕ್ಕೂ ಅರಿಸಿನ ಕಲಸಿ ತೋರಿಸಿದೆ. ಒಂದು ಕೆಂಪಾಯಿತು, ಒಂದು ಆಗಲಿಲ್ಲ. ತಾತ ಬಹಳ ಹೊತ್ತು ನೋಡಿ, ‘ಬುಡು, ನಾಳೆ ಇನ್ನೊಂದು ಸಲ ಮಾಡು’ ಅಂದರು.