ತೆಂಗಿನ ಸೀಮೆಯ ಸೂರಕ್ಕಿ

ದಂಡಿನಶಿವರದಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳತ್ತ ಯಾವ ದಾರಿ ಹಿಡಿದರೂ ಇಕ್ಕೆಲಗಳಲ್ಲಿ ತೆಂಗಿನ ತೋಟಗಳು. ಈ ತೋಟಗಳ ಬೇಲಿಯಲ್ಲಿ, ಅಂಗಳದ ದಾಸವಾಳದಲ್ಲಿ ಒಂದು ಕ್ಷಣವೂ ಸುಮ್ಮನಿರದ ಪುಟ್ಟ ಹಕ್ಕಿಯನ್ನು ಕಂಡ ಮಕ್ಕಳು, ಪುಸ್ತಕದಲ್ಲಿ ಓದಿದ ಹಮ್ಮಿಂಗ್ ಬರ್ಡ್ ಇದೇ ಎಂದುಕೊಳ್ಳುವುದುಂಟು. ಆದರೆ ಇದು ನಮ್ಮದೇ ಸೂರಕ್ಕಿ.

ಹಮ್ಮಿಂಗ್ ಬರ್ಡ್‌ಗಳು ಇಂದು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅವುಗಳಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳಿವೆ. ಕ್ಯೂಬಾ ದೇಶದ ಅತಿ ಚಿಕ್ಕ ಪ್ರಭೇದದ ತೂಕ ಸುಮಾರು 2 ಗ್ರಾಂ. ಅವು ಗಾಳಿಯಲ್ಲಿ ನಿಂತಲ್ಲೇ ನಿಂತು ಮಧು ಹೀರಬಲ್ಲವು, ಹಿಂದಕ್ಕೂ ಹಾರಬಲ್ಲವು. ಸೂರಕ್ಕಿಯೂ ಅರೆಕ್ಷಣ ರೆಕ್ಕೆ ಬಡಿಯುತ್ತಾ ಹೂವಿನೆದುರು ನಿಲ್ಲುತ್ತದೆಯಾದರೂ, ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತೇ ಮಧು ಹೀರುತ್ತದೆ. ಎರಡಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಸೂರಕ್ಕಿ ಗುಬ್ಬಿ, ಕಾಗೆಗಳ ಗಣಕ್ಕೆ ಸೇರಿದ್ದು. ಒಂದೇ ಬಗೆಯ ಆಹಾರವನ್ನು ನೆಚ್ಚಿದ್ದರಿಂದ ಎರಡು ಬೇರೆ ಕುಲಗಳಲ್ಲಿ ಒಂದೇ ಬಗೆಯ ಕೊಕ್ಕು, ನಾಲಗೆಗಳು ವಿಕಾಸಗೊಂಡಿವೆ.

ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಸೂರಕ್ಕಿಯ ಶಾಸ್ತ್ರೀಯ ನಾಮ 'ಲೆಪ್ಟೊಕೋಮ ಝೈಲೋನಿಕ'. ಉದ್ದ ಸುಮಾರು 10 ಸೆಂಟಿಮೀಟರ್. ಗಂಡಿನ ಬೆನ್ನು ಕೆಂಗಂದು, ನೆತ್ತಿ ಹೊಳೆಯುವ ಹಸಿರು, ಗಂಟಲು ಮತ್ತು ಬಾಲದ ಬುಡ ನೇರಳೆ, ಎದೆ ಹಳದಿ. ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ನೆತ್ತಿ, ಗಂಟಲುಗಳ ಬಣ್ಣ ಮಿನುಗುತ್ತದೆ, ನೆರಳಲ್ಲಿ ಕಪ್ಪಾಗಿ ತೋರುತ್ತದೆ. ಈ ಹೊಳಪಿಗೆ ಗರಿಗಳ ಸೂಕ್ಷ್ಮ ರಚನೆಯೇ ಕಾರಣ. ಹೆಣ್ಣಿನ ಗಂಟಲು ಬೂದುಬಿಳುಪು, ಎದೆ ತಿಳಿಹಳದಿ. ಇವು ಹೆಚ್ಚಾಗಿ ಜೋಡಿಯಾಗಿಯೇ ತಿರುಗುತ್ತವೆ.

ಹೂವಿನೊಳಗೆ ಬಾಗಿದ ಕೊಕ್ಕನ್ನು ಇಳಿಸುವಾಗ ಹಣೆಗೆ ಅಂಟಿದ ಪರಾಗ ಮತ್ತೊಂದು ಹೂವನ್ನು ತಲುಪುತ್ತದೆ. ಕೊಕ್ಕು ಎಟುಕದಷ್ಟು ಉದ್ದದ ಹೂವಾದರೆ ಬುಡದಲ್ಲೇ ತೂತು ಕೊರೆದು ಮಧು ಕದಿಯುವುದೂ ಉಂಟು! ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಹುಳುಹುಪ್ಪಟೆ, ಜೇಡಗಳನ್ನು. ಬೇಲಿಯ ಗಿಡಗಳಿಗೆಲ್ಲ ಕೀಟನಾಶಕ ಸಿಂಪಡಿಸಿದರೆ ಮರಿಗಳ ಊಟಕ್ಕೇ ಕುತ್ತು.

ಇದರ ಗೂಡು ಕೊಂಬೆಯ ತುದಿಯಿಂದಲೋ ಜಗಲಿಯ ತಂತಿಯಿಂದಲೋ ಜೋತುಬಿದ್ದ ಚೀಲದಂತಿರುತ್ತದೆ. ನಾರು, ಒಣಹುಲ್ಲು, ತೊಗಟೆಯ ಚೂರುಗಳನ್ನು ಜೇಡರ ಬಲೆಯಿಂದ ಬಿಗಿದು ಕಟ್ಟಿರುತ್ತದೆ. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಸಣ್ಣ ಸೂರು. ನೋಡಿದವರಿಗೆ ಬಲೆಗೆ ಸಿಕ್ಕ ಕಸವೆಂದೇ ಅನಿಸಬೇಕು. ಶತ್ರುಗಳಿಂದ ಪಾರಾಗಲು ಹೂಡಿದ ಈ ಉಪಾಯವೇ ಮನುಷ್ಯರ ಮನೆಯಲ್ಲಿ ಮುಳುವಾಗುತ್ತದೆ. ಹಬ್ಬಕ್ಕೆ ಧೂಳು ಹೊಡೆಯುವಾಗ ಪೊರಕೆಯ ಒಂದೇ ಏಟಿಗೆ ಗೂಡು, ಮೊಟ್ಟೆ ಎಲ್ಲವೂ ನೆಲಕ್ಕೆ.

ಸಾಮಾನ್ಯವಾಗಿ ಎರಡು ಮೊಟ್ಟೆ. ಮರಿಯಾಗಲು ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು ವಾರಕ್ಕೆ ತುಸು ಹೆಚ್ಚು. ಆದ್ದರಿಂದ ಜಗಲಿಯಲ್ಲಿ ತೂಗಾಡುವ 'ಕಸ' ಕಂಡರೆ ಪೊರಕೆ ಎತ್ತುವ ಮುನ್ನ ದೂರದಲ್ಲಿ ನಿಂತು ಕಾಲುಗಂಟೆ ನೋಡಬೇಕು. ಹಕ್ಕಿ ಬಂದು ಹೋಗುತ್ತಿದ್ದರೆ ಆ ಮೂಲೆಯನ್ನು ಒಂದೂವರೆ ತಿಂಗಳು ಹಾಗೆಯೇ ಬಿಡಬೇಕು. ಗೂಡನ್ನು ಮುಟ್ಟುವುದು, ಇಣುಕುವುದು ಬೇಡ. ಕಂಡದ್ದನ್ನು ದಿನಾಂಕ ಸಹಿತ ಬರೆದಿಡುವ ವಿದ್ಯಾರ್ಥಿಗೆ ಮನೆಯ ಜಗಲಿಯೇ ಪ್ರಯೋಗಶಾಲೆಯಾದೀತು.