ಬಸುರಿಯ ಬಂಗೂ ನಮ್ಮ ಕರ್ತವ್ಯವೂ



ಸಂಬಳ, ಬೋನಸ್ಸು, ರಜೆಗಳ ಮಾತು ಬರುವ ಪತ್ರಿಕೆಯಲ್ಲಿ ಹೆಂಗಸರ ಮುಖದ ಬಣ್ಣದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ನಾವು ಒಲೆಯ ಮುಂದೆ ಬೆವರಿಳಿಸಿ ಗಳಿಸಿದ ಕಾಸು ಯಾವ ಡಬ್ಬಿಗೆ ಹೋಗುತ್ತಿದೆ, ಆ ಡಬ್ಬಿ ನಮ್ಮ ಮನೆಯ ತಾಯಂದಿರಿಗೆ ಏನು ಮಾಡುತ್ತಿದೆ ಎಂಬುದು ಸಂಘದ ವಿಚಾರವೇ ಸರಿ.

ಬಸುರಿಗೆ ತಿಂಗಳು ತುಂಬುತ್ತ ಬಂದಂತೆ ಕೆನ್ನೆ, ಹಣೆ, ಮೇಲ್ದುಟಿಗಳಲ್ಲಿ ಕಂದು ಕಲೆ ಏಳುವುದುಂಟು. ಇದನ್ನೇ ನಾವು ಬಂಗು ಎನ್ನುತ್ತೇವೆ. ಹೊಟ್ಟೆಯ ನಡುವೆ ಕಪ್ಪು ಗೆರೆಯೂ ಮೂಡುತ್ತದೆ. ಇದು ಕೊಳೆಯಲ್ಲ, ಅಂಟುರೋಗವಲ್ಲ, ದೃಷ್ಟಿ ತಗಲಿದ್ದೂ ಅಲ್ಲ. ಗರ್ಭ ಬೆಳೆಯುವಾಗ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಮೊದಲಾದ ಹಾರ್ಮೋನುಗಳು ರಕ್ತದಲ್ಲಿ ಏರುತ್ತವೆ. ಅವುಗಳ ಪ್ರಚೋದನೆಯಿಂದ ಚರ್ಮದ ಜೀವಕಣಗಳು ಮೆಲನಿನ್ ಎಂಬ ಬಣ್ಣವನ್ನು ಹೆಚ್ಚಾಗಿ ತಯಾರಿಸುತ್ತವೆ. ಬಿಸಿಲು ಬಿದ್ದರೆ ಕಲೆ ಗಾಢವಾಗುತ್ತದೆ. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಂದಿಗೆ ತಾನಾಗಿ ತಿಳಿಯಾಗುತ್ತದೆ; ಕೆಲವರಿಗೆ ಉಳಿಯುತ್ತದೆ. ಗೆರೆ ನೋಡಿ ಗಂಡೋ ಹೆಣ್ಣೋ ಹೇಳುವುದು, ಕೇಸರಿ ಹಾಲು ಕುಡಿಸಿ ಮಗುವನ್ನು ಬೆಳ್ಳಗೆ ಮಾಡುವುದು ಬರಿಯ ಮಾತು. ಮಗುವಿನ ಬಣ್ಣ ತಂದೆ ತಾಯಿಯರಿಂದ ಬರುತ್ತದೆ, ಹಾಲಿನ ಲೋಟದಿಂದಲ್ಲ.

ಹೀಗಿದ್ದರೂ ಊರಿಗೆ ಹೊರಟ ನಮ್ಮವರ ಚೀಲದಲ್ಲಿ ಬೆಳ್ಳಗಾಗುವ ಕ್ರೀಮು ಕಾಣುತ್ತದೆ. ತಯಾರಿಸಿದವರ ಹೆಸರು ವಿಳಾಸವಿಲ್ಲದ ಡಬ್ಬಿಗಳಲ್ಲಿ ಪಾದರಸವಿರುವುದುಂಟು. ಅಂಥ ಕ್ರೀಮು ಹಚ್ಚಿದವರ ಮೂತ್ರಪಿಂಡಗಳೇ ಕೆಟ್ಟದ್ದನ್ನು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಕಂಡರು. ಪಾದರಸ ತಾಯಿಯಿಂದ ಗರ್ಭದ ಶಿಶುವಿಗೂ ಹೋಗುತ್ತದೆ. ಇನ್ನು ಕೆಲವು ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇದೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಬಡವನ ನಾಚಿಕೆಯೇ ಈ ವ್ಯಾಪಾರದ ಬಂಡವಾಳ.

ಬಂಧುಗಳೇ, ನಾವು ಹೆದರಬೇಕಾದದ್ದು ಕಪ್ಪಾದ ಮುಖಕ್ಕಲ್ಲ, ಬಿಳಿಚಿಕೊಂಡ ಮುಖಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 100 ಮಂದಿ ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ. ಅಂಥವರಿಗೆ ಹೆರಿಗೆಯಲ್ಲಿ ರಕ್ತ ಹೆಚ್ಚಾಗಿ ಹೋದರೆ ಜೀವಕ್ಕೇ ಸಂಚಕಾರ. ಕಣ್ಣರೆಪ್ಪೆಯ ಒಳಗು, ನಾಲಗೆ, ಉಗುರು ಬಿಳಿಚಿದ್ದರೆ, ಮುಖ ಬಾತು ತಲೆನೋವು ಬಂದು ಕಣ್ಣು ಮಂಜಾದರೆ, ಆಗ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಬಂಗಿಗೆ ಓಡಬೇಕಾಗಿಲ್ಲ.

ಕಬ್ಬಿಣಾಂಶದ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಚಹಾ ಕಾಫಿಯ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತದು. ದಿನಕ್ಕೆ ನೂರು ಲೋಟ ಚಹಾ ಕೊಡುವ ನಾವು ಇಷ್ಟನ್ನಾದರೂ ಮನೆಗೆ ತಿಳಿಸಬೇಡವೇ? ಕ್ರೀಮಿನ ಕಾಸಿಗೆ ಕಾಳು, ಸೊಪ್ಪು, ಮೊಟ್ಟೆ, ಮೀನು ಬರಲಿ. ಬಿಸಿಲಿಗೆ ಒಂದು ಕೊಡೆ ಬರಲಿ.

ನಮ್ಮ ಹೋಟೆಲುಗಳಲ್ಲಿ ದುಡಿಯುವ ಸೋದರಿಯರ ಮಾತೂ ಇದೆ. ಮುಖದಲ್ಲಿ ಕಲೆ ಬಂತೆಂದು ಬಸುರಿಯನ್ನು ಗಿರಾಕಿಗಳ ಕಣ್ಣಿಂದ ಮರೆಮಾಡಿ ಪಾತ್ರೆ ತೊಳೆಯಲು ಹಚ್ಚುವ ಮಾಲೀಕರನ್ನು ಸಂಘ ಪ್ರಶ್ನಿಸಬೇಕು. ಆಕೆಗೆ ಬೇಕಾದದ್ದು ಮರೆಯಲ್ಲ, ಕೂರಲು ಒಂದು ಸ್ಟೂಲು.

ಈ ಸಲ ಊರಿಗೆ ಹೋದಾಗ, ವರ್ಷಗಟ್ಟಲೆ ಕಾದವಳ ಮುಂದೆ ನಮ್ಮ ಬಾಯಿಂದ ಬರುವ ಮೊದಲ ಮಾತು ‘ಯಾಕೆ ಇಷ್ಟು ಕಪ್ಪಾದೆ?’ ಎಂದಾಗದಿರಲಿ. ‘ಊಟ ಮಾಡಿದೆಯಾ? ಮಾತ್ರೆ ತೆಗೆದುಕೊಂಡೆಯಾ?’ ಎಂದಾಗಲಿ.